ಅಪ್ಪನ ಕ್ರಿಯಾಟಿನಿನ್ 1.6 ಬಂದಿದೆ. ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ನಿಲ್ಲಿಸಬಾರದು?

ತುಂಗಾತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮೂರು ರಾಣೆಬೆನ್ನೂರು ಹತ್ತಿರ. ಅಪ್ಪನಿಗೆ 62 ವರ್ಷ. ಶುಗರ್ ಬಂದು ಹತ್ತು ವರ್ಷದ ಮೇಲಾಯಿತು, ಬಿಪಿಯೂ ಇದೆ. ಈಗಲೂ ಹೊಲಕ್ಕೆ ಹೋಗುತ್ತಾರೆ. ಮೆಕ್ಕೆಜೋಳ, ಹತ್ತಿ ಎಲ್ಲ ತಾವೇ ನೋಡಿಕೊಳ್ಳುತ್ತಾರೆ.

ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ, ಕಿಡ್ನಿ ಸೋತರೆ ರಕ್ತದಲ್ಲಿ ಏರುತ್ತದಂತೆ) 1.6 ಬಂತು. ಹೋದ ವರ್ಷದ ರಿಪೋರ್ಟ್ ಹುಡುಕಿ ತೆಗೆದೆ, ಅದರಲ್ಲಿ 1.4 ಇತ್ತು. ಆಗ ಯಾರೂ ಅದರ ಬಗ್ಗೆ ಏನೂ ಹೇಳಿರಲಿಲ್ಲ.

ಅಪ್ಪನಿಗೆ ನೋಡಿದರೆ ಏನೂ ತೊಂದರೆ ಇಲ್ಲ. ಸೊಂಟ ನೋವಿಲ್ಲ, ಮೂತ್ರ ಸರಾಗವಾಗಿ ಹೋಗುತ್ತದೆ. ‘ನನಗೇನಾಗೈತಿ, ಗಟ್ಟಿಮುಟ್ಟ ಅದೀನಿ’ ಅನ್ನುತ್ತಾರೆ. ಅವ್ವ ಮಾತ್ರ ಒಂದು ಮಾತು ಹೇಳಿದಳು. ಮೂತ್ರದಲ್ಲಿ ನೊರೆ ಬರುತ್ತದಂತೆ, ಒಂದು ಚೊಂಬು ನೀರು ಹಾಕಿದರೂ ಹೋಗುವುದಿಲ್ಲವಂತೆ.

ತೆಗೆದುಕೊಳ್ಳುವ ಮಾತ್ರೆಗಳು: ಶುಗರ್‌ಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್. ಬಿಪಿಗೆ ಟೆಲ್ಮಿಸಾರ್ಟಾನ್, ಹೈಡ್ರೋಕ್ಲೋರೋಥಯಜೈಡ್ ಎರಡೂ ಸೇರಿರುವ ಒಂದು ಮಾತ್ರೆ. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ತಂದ ಅಸೆಕ್ಲೋಫೆನಾಕ್-ಪ್ಯಾರಸಿಟಮಾಲ್ ಮಾತ್ರೆ. ಹೊಲದಲ್ಲಿ ಕೆಲಸ ಜಾಸ್ತಿ ಇದ್ದಾಗ ಅದನ್ನು ದಿನಕ್ಕೆ ಎರಡು ನುಂಗುತ್ತಾರೆ.

ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಬಿಪಿ ಮಾತ್ರೆಯಿಂದಲೇ ಕಿಡ್ನಿ ಹಾಳಾಗಿದ್ದು, ಮೊದಲು ಅದನ್ನು ಬಿಡಿಸು ಅಂತ ಒಬ್ಬರು. ದಿನಾ ನಾಲ್ಕೈದು ಲೀಟರ್ ನೀರು ಕುಡಿಸಿದರೆ ಕಿಡ್ನಿ ತೊಳೆದುಕೊಂಡು ಹೋಗುತ್ತದೆ ಅಂತ ಇನ್ನೊಬ್ಬರು. ನಮ್ಮ ಚಿಕ್ಕಪ್ಪ ಯಾರದೋ ಹತ್ತಿರ ಕಷಾಯದ ಪುಡಿ ತಂದಿಟ್ಟಿದ್ದಾರೆ. ತಿಳಿದವರು ದಯವಿಟ್ಟು ಹೇಳಿ. ಡಯಾಲಿಸಿಸ್‌ವರೆಗೂ ಹೋಗದ ಹಾಗೆ ಈಗ ಏನು ಮಾಡಬಹುದು?

ಡಯಾಲಿಸಿಸ್ ಸಿಸ್ಟರ್ ಬರೆದದ್ದು:

ತಂಗಿ, ನಾನು ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಯೂನಿಟ್‌ನಲ್ಲಿ ಸ್ಟಾಫ್ ನರ್ಸ್. ನಿಮ್ಮ ಪ್ರಶ್ನೆ ಓದಿ ತಕ್ಷಣ ಬರೆಯಬೇಕು ಅನ್ನಿಸಿತು. ನಮ್ಮ ಹತ್ತಿರ ಬರುವ ಎಷ್ಟೋ ಜನರಿಗೆ ಈ ಹಂತದಲ್ಲಿ ಯಾರಾದರೂ ಹೇಳಿದ್ದರೆ ಅವರು ಇವತ್ತು ಆ ಮಂಚದ ಮೇಲೆ ಮಲಗುತ್ತಿರಲಿಲ್ಲ.

ಇವತ್ತೇ ಮಾಡಬೇಕಾದದ್ದು ಒಂದು. ಆ ಮೊಣಕಾಲಿನ ಮಾತ್ರೆ ನಿಲ್ಲಿಸಿ. ಬಿಪಿ ಮಾತ್ರೆಯನ್ನು ಮಾತ್ರ ಡಾಕ್ಟರ್ ಹೇಳದೆ ನಿಲ್ಲಿಸಬೇಡಿ. ಊರವರು ಹೇಳಿದ್ದು ಪೂರ್ತಿ ತಿರುವುಮುರುವಾಗಿದೆ.

ಯಾಕೆ ಅಂತ ಹೇಳುತ್ತೇನೆ, ಅಪ್ಪನಿಗೂ ಹೀಗೇ ಹೇಳಿ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸಣ್ಣ ಸೋಸುವ ಗಂಟುಗಳಿವೆ. ಎರಡೂ ಸೇರಿ ದಿನಕ್ಕೆ 180 ಲೀಟರಿನಷ್ಟು ಸೋಸಿ, ಬೇಕಾದದ್ದನ್ನು ವಾಪಸ್ ಎಳೆದುಕೊಂಡು, ಒಂದೂವರೆ ಎರಡು ಲೀಟರ್ ಮಾತ್ರ ಮೂತ್ರವಾಗಿ ಬಿಡುತ್ತವೆ. ಪ್ರತಿ ಗಂಟಿಗೂ ರಕ್ತ ಬರುವ ದಾರಿ ಒಂದು, ಹೋಗುವ ದಾರಿ ಒಂದು. ಕಾಲುವೆಯಿಂದ ಹೊಲಕ್ಕೆ ನೀರು ಬಿಡುವ ತೂಬು ಇರುತ್ತದಲ್ಲ, ಹಾಗೆ ಅಂದುಕೊಳ್ಳಿ. ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಇಂಥ ನೋವಿನ ಮಾತ್ರೆಗಳು ಒಳಗೆ ಬರುವ ತೂಬನ್ನು ಕಿರಿದು ಮಾಡುತ್ತವೆ. ಟೆಲ್ಮಿಸಾರ್ಟಾನ್ ಹೊರಗೆ ಹೋಗುವ ತೂಬನ್ನು ಸಡಿಲ ಬಿಡುತ್ತದೆ. ಹೈಡ್ರೋಕ್ಲೋರೋಥಯಜೈಡ್ ಮೂತ್ರ ಜಾಸ್ತಿ ಮಾಡಿ ಕಾಲುವೆಯ ನೀರನ್ನೇ ಇಳಿಸುತ್ತದೆ. ಮೂರೂ ಒಟ್ಟಿಗೆ ಸೇರಿ, ಮೇಲೆ ಬಿಸಿಲಲ್ಲಿ ಬೆವರಿದರೆ, ಸೋಸುವ ಗಂಟಿಗೆ ಒತ್ತಡವೇ ಸಿಗುವುದಿಲ್ಲ. ನಿಮ್ಮ ಅಪ್ಪ ಈ ಮೂರನ್ನೂ ಒಟ್ಟಿಗೆ ನುಂಗುತ್ತಿದ್ದಾರೆ, ಅದೂ ಹೊಲದ ಕೆಲಸ ಜಾಸ್ತಿ ಇರುವ ದಿನವೇ.

ಹಾಗಂತ ಟೆಲ್ಮಿಸಾರ್ಟಾನ್ ಕೆಟ್ಟದ್ದಲ್ಲ. ಹೊರಗಿನ ದಾರಿ ಸಡಿಲ ಮಾಡಿ ಗಂಟಿನ ಮೇಲಿನ ಅತಿ ಒತ್ತಡ ಇಳಿಸುತ್ತದೆ, ಮೂತ್ರದಲ್ಲಿ ಪ್ರೋಟೀನ್ ಸೋರುವುದನ್ನು ಕಮ್ಮಿ ಮಾಡುತ್ತದೆ. ಶುಗರ್ ಇರುವವರಿಗೆ ಪ್ರೋಟೀನ್ ಸೋರಲು ಶುರುವಾದಾಗ ಕಿಡ್ನಿ ಉಳಿಸುವುದಕ್ಕೇ ಈ ಗುಂಪಿನ ಮಾತ್ರೆ ಕೊಡುತ್ತಾರೆ. ಶುರು ಮಾಡಿದಾಗ ಕ್ರಿಯಾಟಿನಿನ್ ಸ್ವಲ್ಪ ಏರುವುದುಂಟು. ಶೇ 30ರೊಳಗಿನ ಏರಿಕೆಯನ್ನು ಡಾಕ್ಟರುಗಳು ಸಾಮಾನ್ಯವಾಗಿ ಒಪ್ಪುತ್ತಾರೆ. ಇದು ಗೊತ್ತಿಲ್ಲದೆ ಎಷ್ಟು ಜನ ಅದನ್ನೇ ಬಿಟ್ಟು, ನೋವಿನ ಮಾತ್ರೆ ಮುಂದುವರಿಸಿ ನಮ್ಮ ಹತ್ತಿರ ಬರುತ್ತಾರೆ!

ಹೊಸ ಪೇಷಂಟ್ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ, ಕೈಕಾಲು ನೋವಿಗೆ ಏನು ತಗೋತೀರಿ ಅಂತ. ‘ಏನೂ ಇಲ್ಲ ಸಿಸ್ಟರ್’ ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ಔಷಧಿಯೇ ಅಲ್ಲ. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಎಲೆಅಡಿಕೆ ಸಂಚಿಯಿಂದ ಒಂದು ತುಂಡು ಸ್ಟ್ರಿಪ್ ಹೊರಬರುತ್ತದೆ. ಅಂಗಡಿಯಲ್ಲಿ ಕತ್ತರಿಯಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟಿರುತ್ತಾರೆ. ಮಾತ್ರೆಯ ಹೆಸರಿರುವ ಭಾಗ ಅಲ್ಲೇ ಉಳಿದಿರುತ್ತದೆ. ಯಾವ ಮಾತ್ರೆ ಅಂತ ಅವರಿಗೂ ಗೊತ್ತಿಲ್ಲ, ನನಗೂ ಓದಲು ಬರುವುದಿಲ್ಲ. ದಯವಿಟ್ಟು ಅಪ್ಪನ ಮಾತ್ರೆ ಯಾವಾಗಲೂ ಹೆಸರು ಕಾಣುವ ಹಾಗೆ ಕೇಳಿ ತನ್ನಿ. ಡಾಕ್ಟರ್ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಯನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಕಷಾಯದ ಪುಡಿಯೂ ಆ ಚೀಲದಲ್ಲೇ ಇರಲಿ.

ಗಟ್ಟಿಮುಟ್ಟ ಇದ್ದೀನಿ ಅನ್ನುವ ಮಾತು ನನಗೆ ತುಂಬಾ ಭಯ ಹುಟ್ಟಿಸುತ್ತದೆ. ಶುಗರ್ ಕಿಡ್ನಿಯನ್ನು ತಿನ್ನುವಾಗ ನೋವೇ ಇರುವುದಿಲ್ಲ. ನೋವು ಬರುವುದು ಕಲ್ಲಿದ್ದಾಗ, ಸೋಂಕಾದಾಗ. ಮೂತ್ರ ಸರಾಗವಾಗಿ ಹೋಗುವುದೂ ಧೈರ್ಯ ಕೊಡುವ ಮಾತಲ್ಲ, ಡಯಾಲಿಸಿಸ್ ಶುರುವಾದವರಲ್ಲೂ ಎಷ್ಟೋ ಜನರಿಗೆ ಮೂತ್ರ ಹೋಗುತ್ತಿರುತ್ತದೆ. ಅದರಲ್ಲಿ ಕಸ ಸಾಕಷ್ಟು ಹೋಗುವುದಿಲ್ಲ ಅಷ್ಟೇ. ಮೈಗೆ ಗೊತ್ತಾಗುವ ಹೊತ್ತಿಗೆ, ಅಂದರೆ ಬೆಳಗ್ಗೆ ಕಣ್ಣಿನ ಸುತ್ತ ಊತ, ಸಂಜೆಗೆ ಪಾದದಲ್ಲಿ ಊತ, ಊಟ ಸೇರದಿರುವುದು, ವಾಕರಿಕೆ, ಮೈ ತುರಿಕೆ, ರಕ್ತ ಕಮ್ಮಿಯಾಗಿ ಸುಸ್ತು, ಇವೆಲ್ಲ ಬರುವ ಹೊತ್ತಿಗೆ ಬಹುಪಾಲು ಹೋಗಿರುತ್ತದೆ.

ಇನ್ನೊಂದು ಲಕ್ಷಣವನ್ನು ಜನ ಒಳ್ಳೇ ಸುದ್ದಿ ಅಂದುಕೊಳ್ಳುತ್ತಾರೆ. ‘ಈಗ ಶುಗರ್ ತಾನಾಗಿಯೇ ಇಳಿದಿದೆ, ಮಾತ್ರೆಯೇ ಬೇಡ ಅನ್ನಿಸುತ್ತದೆ’ ಅಂತ. ಇನ್ಸುಲಿನ್ ಮೈಯಿಂದ ಹೊರಹೋಗುವುದರಲ್ಲಿ ಕಿಡ್ನಿಯ ಪಾಲು ದೊಡ್ಡದು. ಕಿಡ್ನಿ ಸೋತಾಗ ಇನ್ಸುಲಿನ್ ಜಾಸ್ತಿ ಹೊತ್ತು ಉಳಿದು ಶುಗರ್ ಇಳಿಯುತ್ತದೆ. ಹಳೇ ಡೋಸ್ ಗ್ಲಿಮೆಪಿರೈಡ್ ನುಂಗಿ ರಾತ್ರಿ ಶುಗರ್ ಲೋ ಆಗಿ ಪ್ರಜ್ಞೆ ತಪ್ಪಿ ಬಂದವರನ್ನು ನೋಡಿದ್ದೇನೆ. ಅಪ್ಪನಿಗೆ ಬೆವರು, ನಡುಕ, ಹಸಿವು ಒಮ್ಮೆಲೇ ಬಂದರೆ ಆಗಲೇ ಶುಗರ್ ನೋಡಿ, ಡಾಕ್ಟರಿಗೂ ಹೇಳಿ.

ನೀರಿನ ಬಗ್ಗೆ: ನೀರು ಕಿಡ್ನಿ ತೊಳೆಯುವುದಿಲ್ಲ. ಈ ಹಂತದಲ್ಲಿ ಬಾಯಾರಿಕೆಗೆ ತಕ್ಕಷ್ಟು ಕುಡಿಯಲಿ, ಬಿಸಿಲಲ್ಲಿ ದುಡಿಯುವ ದಿನ ಇನ್ನೂ ಸ್ವಲ್ಪ ಜಾಸ್ತಿ. ಲೆಕ್ಕ ಹಾಕಿ ಐದು ಲೀಟರ್ ಕುಡಿಸುವುದು ಬೇಡ. ಉಪ್ಪು ಕಮ್ಮಿ ಮಾಡಿ, ದಿನಕ್ಕೆ 5 ಗ್ರಾಮ್, ಅಂದರೆ ಒಂದು ಟೀ ಚಮಚದಷ್ಟು, ಅದಕ್ಕಿಂತ ಒಳಗೇ ಇರಲಿ. ರೊಟ್ಟಿ ಜೊತೆ ಉಪ್ಪಿನಕಾಯಿ, ಉಪ್ಪುಮೆಣಸಿನಕಾಯಿ, ಹಪ್ಪಳ ಎಲ್ಲ ಆ ಲೆಕ್ಕಕ್ಕೇ ಸೇರುತ್ತವೆ.

ಲ್ಯಾಬ್ ಕೆಲಸದವ ಬರೆದದ್ದು:

ಸಿಸ್ಟರ್ ಎಲ್ಲ ಹೇಳಿದ್ದಾರೆ, ನಾನು ರಿಪೋರ್ಟ್ ಓದುವುದರ ಬಗ್ಗೆ ಮಾತ್ರ ಹೇಳುತ್ತೇನೆ. ಕ್ರಿಯಾಟಿನಿನ್ ಒಂದನ್ನೇ ನೋಡಬೇಡಿ, ಇ-ಜಿಎಫ್‌ಆರ್ ನೋಡಿ. ಅದು ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು, ಇಳಿದಷ್ಟೂ ಕಿಡ್ನಿ ಸೋತಿದೆ ಅಂತ. ವಯಸ್ಸು, ಗಂಡೋ ಹೆಣ್ಣೋ, ಕ್ರಿಯಾಟಿನಿನ್ ಇಷ್ಟು ಗೊತ್ತಿದ್ದರೆ ಲೆಕ್ಕ ಸಿಗುತ್ತದೆ. 62 ವರ್ಷದ ಗಂಡಸಿಗೆ 1.6 ಅಂದರೆ ಇ-ಜಿಎಫ್‌ಆರ್ ಸುಮಾರು 48. ಹೋದ ವರ್ಷದ 1.4ಕ್ಕೆ ಸುಮಾರು 57. ಬರೀ 0.2 ಏರಿದ್ದು ಅನ್ನಿಸುತ್ತದೆ, ಆದರೆ ಒಂದೇ ವರ್ಷದಲ್ಲಿ ಒಂಬತ್ತು ಅಂಕ ಇಳಿದಿದೆ. ಇದನ್ನು ಸುಮ್ನೆ ಬಿಡುವ ಹಾಗಿಲ್ಲ.

ಹೆಂಗಸರ ವಿಷಯದಲ್ಲಿ ಇನ್ನೂ ಮೋಸವಾಗುತ್ತದೆ. 65 ವರ್ಷದ ತೆಳ್ಳಗಿನ ಅಜ್ಜಿಗೆ 1.2 ಬಂದರೆ ಎಷ್ಟೋ ರಿಪೋರ್ಟ್‌ನಲ್ಲಿ ಅದು ನಾರ್ಮಲ್ ಗೆರೆಯೊಳಗೇ ಇರುತ್ತದೆ. ಇ-ಜಿಎಫ್‌ಆರ್ ಲೆಕ್ಕ ಹಾಕಿದರೆ 50ರ ಹತ್ತಿರ. ಅವ್ವನದ್ದೂ ಒಮ್ಮೆ ಮಾಡಿಸಿ.

ನೊರೆ ಅಂದಿರಲ್ಲ, ಅದು ಪ್ರೋಟೀನ್ ಸೋರುವುದರ ಸುಳಿವಿರಬಹುದು. ಅದಕ್ಕೆ ಮೂತ್ರದ ಎಸಿಆರ್ ಪರೀಕ್ಷೆ (ಮೂತ್ರದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನ್ ಎಷ್ಟು ಸೋರುತ್ತಿದೆ ಅಂತ ಅಳೆಯುವುದು) ಮಾಡಿಸಬೇಕು. ಬೆಳಗಿನ ಮೊದಲ ಮೂತ್ರ ಕೊಟ್ಟರೆ ಒಳ್ಳೆಯದು. 30ಕ್ಕಿಂತ ಕಮ್ಮಿ ಇದ್ದರೆ ಸರಿ. 30ರಿಂದ 300 ಅಂದರೆ ಸೋರಿಕೆ ಶುರುವಾಗಿದೆ. 300 ದಾಟಿದರೆ ಸೋರಿಕೆ ಜಾಸ್ತಿಯಾಗಿದೆ. ಪಟ್ಟಿ ಅದ್ದಿ ನೋಡುವ ಸಾದಾ ಪರೀಕ್ಷೆಯಲ್ಲಿ ಮೊದಮೊದಲ ಸೋರಿಕೆ ಕಾಣದೆ ಹೋಗಬಹುದು. ಜ್ವರ ಇದ್ದಾಗ, ಮೂತ್ರದ ಸೋಂಕು ಇದ್ದಾಗ, ಹಿಂದಿನ ದಿನ ಮೈಮುರಿದು ದುಡಿದಾಗ ಸುಳ್ಳೇ ಏರುತ್ತದೆ, ಅಂಥ ದಿನ ಬೇಡ. ಏರಿದ್ದರೆ ಮೂರು ತಿಂಗಳೊಳಗೆ ಮತ್ತೆ ಮಾಡಿಸಿ ಖಚಿತ ಮಾಡಿಕೊಳ್ಳಿ. ಶುಗರ್ ಇರುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಇ-ಜಿಎಫ್‌ಆರ್, ಎಸಿಆರ್ ಎರಡನ್ನೂ ಮಾಡಿಸಬೇಕು. ಕ್ರಿಯಾಟಿನಿನ್ ಏರುವುದಕ್ಕೆ ಎಷ್ಟೋ ಮುಂಚೆ ಎಸಿಆರ್ ಸುಳಿವು ಕೊಡುತ್ತದೆ.

ಪುತ್ತೂರಿನವ ಬರೆದದ್ದು:

ಕಷಾಯ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಕಡೆ ಎಲ್ಲರ ಹಿತ್ತಲಲ್ಲೂ ಬಿಂಬುಳಿ ಮರ ಇರುತ್ತದೆ, ತುಂಬಾ ಹುಳಿಯಾದ ಕಾಯಿ ಬಿಡುತ್ತದೆ. ಕೊಲೆಸ್ಟ್ರಾಲ್‌ಗೆ ಒಳ್ಳೆಯದು ಅಂತ ನಮ್ಮ ಮಾವ ದಿನಾ ಬೆಳಗ್ಗೆ ಬರಿಹೊಟ್ಟೆಗೆ ಒಂದು ಲೋಟ ಬಿಂಬುಳಿ ರಸ ಕುಡಿದರು. ಕೆಲವೇ ದಿನದಲ್ಲಿ ವಾಂತಿ, ಮೂತ್ರ ಕಮ್ಮಿ, ಕ್ರಿಯಾಟಿನಿನ್ ಏಳರ ಮೇಲೆ. ಮೊದಲು ಅವರಿಗೆ ಕಿಡ್ನಿ ತೊಂದರೆ ಇರಲೇ ಇಲ್ಲ. ಬಯಾಪ್ಸಿ ಮಾಡಿದಾಗ, ಆ ರಸದಲ್ಲಿ ಹೇರಳವಾಗಿರುವ ಆಕ್ಸಲೇಟ್‌ನ ಹರಳುಗಳು ಕಿಡ್ನಿಯ ನಾಳಗಳೊಳಗೆ ಸಿಕ್ಕಿಕೊಂಡಿದ್ದು ಕಂಡಿತು. ಕೆಲವು ಸಲ ಡಯಾಲಿಸಿಸ್ ಆಗಿ, ದೇವರ ದಯೆ, ಚೇತರಿಸಿಕೊಂಡರು. ಇದೇ ರಸ ಕುಡಿದು ಹೀಗಾದವರ ಬಗ್ಗೆ ಕೇರಳದ ವೈದ್ಯರು ಮೊದಲೇ ವರದಿ ಮಾಡಿದ್ದಾರೆ ಅಂತ ಡಾಕ್ಟರ್ ಹೇಳಿದರು.

ಸಾರಿಗೆ, ಮೀನಿಗೆ ಒಂದೆರಡು ಬಿಂಬುಳಿ ಹಾಕುವುದು ಬೇರೆ, ರಸ ಹಿಂಡಿ ಲೋಟಗಟ್ಟಲೆ ಕುಡಿಯುವುದು ಬೇರೆ. ಕಿಡ್ನಿ ಈಗಾಗಲೇ ಸೋತವರು ಧಾರೆಹುಳಿಯನ್ನಂತೂ (ಸ್ಟಾರ್ ಫ್ರೂಟ್) ಮುಟ್ಟಲೇಬಾರದು. ಅದರಲ್ಲಿರುವ ವಿಷವನ್ನು ಕಿಡ್ನಿ ಹೊರಹಾಕದಿದ್ದರೆ ಅದು ಮೆದುಳಿಗೆ ಏರುತ್ತದೆ. ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್‌ವರೆಗೂ ಹೋಗುತ್ತದೆ. ಹಿತ್ತಲಲ್ಲಿ ಬೆಳೆದದ್ದು ಅಂತ ನಂಬಬೇಡಿ. ನಿಮ್ಮ ಚಿಕ್ಕಪ್ಪ ತಂದ ಪುಡಿಯಲ್ಲಿ ಏನಿದೆ ಅಂತ ಕೊಟ್ಟವರು ಬರೆದುಕೊಡುತ್ತಾರಾ ಕೇಳಿ ನೋಡಿ.

ತುಂಗಾತೀರ ಬರೆದದ್ದು:

ಎಲ್ಲರಿಗೂ ಧನ್ಯವಾದ. ನೋವಿನ ಮಾತ್ರೆ ಎತ್ತಿಟ್ಟೆ, ಪುಡಿಯನ್ನೂ ಕೊಡುತ್ತಿಲ್ಲ. ಫಿಜಿಶಿಯನ್ ಹತ್ತಿರ ಹೋಗಿ ಬಂದೆವು. ಎಸಿಆರ್ ಬರೆದುಕೊಟ್ಟಿದ್ದಾರೆ. ರಿಪೋರ್ಟ್ ನೋಡಿಕೊಂಡು ಡಪಾಗ್ಲಿಫ್ಲೋಜಿನ್ ಅಂತ ಒಂದು ಮಾತ್ರೆ ಶುರು ಮಾಡುವ ಮಾತಾಡಿದರು. ಸಿಸ್ಟರ್ ಅಕ್ಕಾ, ಅದು ಸರಿಯಾ? ಮೊಣಕಾಲಿಗೆ ಮತ್ತೇನು ಮಾಡಲಿ? ಅಪ್ಪ ರಾತ್ರಿ ನರಳುತ್ತಾರೆ.

ಡಯಾಲಿಸಿಸ್ ಸಿಸ್ಟರ್ ಬರೆದದ್ದು:

ಒಳ್ಳೇ ಡಾಕ್ಟರ್ ಸಿಕ್ಕಿದ್ದಾರೆ ತಂಗಿ. ಅದು ಶುಗರ್ ಮಾತ್ರೆಯಾಗಿ ಬಂದದ್ದು, ಕಿಡ್ನಿ ಹಾಳಾಗುವ ವೇಗ ತಗ್ಗಿಸುತ್ತದೆ ಅಂತ ದೊಡ್ಡ ಅಧ್ಯಯನದಲ್ಲಿ 2020ರಲ್ಲಿ ತೋರಿಸಿದರು. ನಮ್ಮಲ್ಲಿ ಈಗ ಬೇರೆ ಬೇರೆ ಕಂಪನಿಗಳು ಮಾಡುವುದರಿಂದ ಬೆಲೆಯೂ ಇಳಿದಿದೆ. ಮೂತ್ರದಲ್ಲಿ ಸಕ್ಕರೆ ಹೋಗುವ ಹಾಗೆ ಮಾಡುತ್ತದೆ, ಹಾಗಾಗಿ ಮೂತ್ರದ ಜಾಗ ತೊಳೆದು ಒಣಗಿಸಿಕೊಳ್ಳಬೇಕು, ಇಲ್ಲದಿದ್ದರೆ ಫಂಗಸ್ ತುರಿಕೆ ಬರುತ್ತದೆ. ಅಪ್ಪ ನಿಮ್ಮ ಹತ್ತಿರ ಇದನ್ನೆಲ್ಲ ಹೇಳಲು ಸಂಕೋಚ ಪಡುತ್ತಾರೆ, ಅವ್ವನ ಕೈಲಿ ಹೇಳಿಸಿ.

ವಾಂತಿ ಭೇದಿ ಆದ ದಿನ ಈ ಮಾತ್ರೆ, ಮೆಟ್‌ಫಾರ್ಮಿನ್, ಬಿಪಿಯ ಆ ಜೋಡಿ ಮಾತ್ರೆ ಇವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾ ಅಂತ ಡಾಕ್ಟರನ್ನು ಈಗಲೇ ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ. ಆ ದಿನ ಬಂದಾಗ ಫೋನ್ ಸಿಗುವುದಿಲ್ಲ. ಬಿಪಿ 130/80ರ ಒಳಗೆ ಇರಬೇಕು ಅಂತ ಸಾಮಾನ್ಯವಾಗಿ ಗುರಿ ಇಡುತ್ತಾರೆ. ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬರೆದಿಡಿ. ಪೊರೆ ಆಪರೇಷನ್‌ಗೆ ಹೋದಾಗ ರೆಟಿನಾ ನೋಡಲು ಹೇಳಿ. ಶುಗರ್ ಕಿಡ್ನಿಗೆ ಬಿದ್ದಿದ್ದರೆ ಅಲ್ಲಿಗೂ ಬಿದ್ದಿರುವ ಸಾಧ್ಯತೆ ಜಾಸ್ತಿ. ಕ್ರಿಯಾಟಿನಿನ್ ಏರಿರುವುದನ್ನು ಅವರಿಗೂ ಹೇಳಿ, ಆಪರೇಷನ್ ಆದ ಮೇಲೆ ನೋವಿಗೆ ಅಭ್ಯಾಸದ ಮೇಲೆ ಅಸೆಕ್ಲೋಫೆನಾಕ್‌ನಂಥ ಮಾತ್ರೆಯನ್ನೇ ಬರೆದುಬಿಡುತ್ತಾರೆ.

ಮೊಣಕಾಲಿಗೆ ಬರೀ ಪ್ಯಾರಸಿಟಮಾಲ್, ಡಾಕ್ಟರ್ ಹೇಳಿದ ಅಳತೆಯಲ್ಲಿ. ಅದರ ಜೊತೆ ಬೇರೇನೂ ಸೇರಿರಬಾರದು, ಸ್ಟ್ರಿಪ್ ಓದಿ. ಬಿಸಿನೀರಿನ ಶಾಖ ಕೊಡಿ, ಆದರೆ ಶುಗರ್ ಇರುವವರಿಗೆ ಚರ್ಮದ ಸ್ಪರ್ಶ ಕಮ್ಮಿ ಇರುತ್ತದೆ, ನಿಮ್ಮ ಕೈಯಲ್ಲಿ ಬಿಸಿ ನೋಡಿಯೇ ಇಡಿ. ತೊಡೆಯ ಸ್ನಾಯು ಗಟ್ಟಿಯಾದರೆ ಮೊಣಕಾಲಿನ ಭಾರ ಇಳಿಯುತ್ತದೆ. ಅಪ್ಪನನ್ನು ಕುರ್ಚಿ ಮೇಲೆ ಕೂರಿಸಿ ಒಂದೊಂದೇ ಕಾಲನ್ನು ನೇರ ಮಾಡಿ ಐದು ಎಣಿಸುವವರೆಗೆ ಹಿಡಿಯಲು ಹೇಳಿ, ಬೆಳಗ್ಗೆ ಹತ್ತು, ಸಂಜೆ ಹತ್ತು.

ಮೂತ್ರ ಒಮ್ಮೆಲೇ ಕಮ್ಮಿಯಾದರೆ, ಮಲಗಿದಾಗ ಉಸಿರು ಕಟ್ಟಿದರೆ, ವಾಂತಿ ನಿಲ್ಲದಿದ್ದರೆ ಅಥವಾ ಮಾತಿನಲ್ಲಿ ಗೊಂದಲ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಕೊನೆಗೆ ಒಂದು, ಇದನ್ನು ಹೇಳುವವರೇ ಇಲ್ಲ. ಅಪ್ಪ ಬಲಗೈಯವರಾದರೆ ಎಡ ಮುಂಗೈಯ ರಕ್ತನಾಳ ಕಾಪಾಡಿ. ಡ್ರಿಪ್ ಹಾಕುವಾಗ, ರಕ್ತ ತೆಗೆಯುವಾಗ ಅಂಗೈ ಹಿಂಬದಿಯಲ್ಲಿ ಹಾಕಿ ಅಂತ ಕೇಳಿ. ನಿಮ್ಮ ಅಪ್ಪನಿಗೆ ಡಯಾಲಿಸಿಸ್‌ನ ಅಗತ್ಯವೇ ಬರದಿರಲಿ. ಬಂದರೆ ಅದಕ್ಕೆ ಫಿಸ್ಟುಲಾ (ಎರಡು ರಕ್ತನಾಳ ಜೋಡಿಸಿ ಸೂಜಿ ಹಾಕಲು ಮಾಡುವ ದಾರಿ) ಮಾಡುವುದು ಸಾಮಾನ್ಯವಾಗಿ ಆ ಕೈಯಲ್ಲೇ, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ನಾಳದಲ್ಲಿ ಫಿಸ್ಟುಲಾ ನಿಲ್ಲುವುದಿಲ್ಲ.

ಎಸಿಆರ್ ಬಂದ ಮೇಲೆ ಸಂಖ್ಯೆ ಇಲ್ಲೇ ಹಾಕಿ. ಅವ್ವನ ಕ್ರಿಯಾಟಿನಿನ್ ಕೂಡ.