ಫುಟ್‌ಪಾತ್ ಅಂಚಿಗೆ ಬಡಿದ ಕಾರು: ಅಲೈನ್‌ಮೆಂಟ್ ಮಾಡಿಸಿದರೂ ಎಡಕ್ಕೇ ಎಳೆಯುತ್ತಿದೆ

ಪ್ರಶ್ನೆ

ಮಳೆಯಲ್ಲಿ ಬಲಕ್ಕೆ ತಿರುಗುವಾಗ ಕಾರು ಜಾರಿ, ಮುಂದಿನ ಎಡ ಚಕ್ರ ಫುಟ್‌ಪಾತ್ ಅಂಚಿನ ಕಲ್ಲಿಗೆ ಓರೆಯಾಗಿ ಬಡಿಯಿತು. ವೇಗ ಹೆಚ್ಚಿರಲಿಲ್ಲ, ಟೈರು ಒಡೆಯಲಿಲ್ಲ, ಹೊರಗಿನಿಂದ ನೋಡಿದರೆ ರಿಮ್ಮಿನ ಮೇಲೆ ಗೀರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೆ ಅಂದಿನಿಂದ ಕಾರು ನೇರವಾಗಿ ಹೋಗುವಾಗ ಸ್ಟೀರಿಂಗ್ ಸುಮಾರು 15 ಡಿಗ್ರಿ ಎಡಕ್ಕೆ ವಾಲಿ ನಿಲ್ಲುತ್ತಿತ್ತು, ಕೈ ಸಡಿಲಿಸಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು, ಗಂಟೆಗೆ 80 ಕಿ.ಮೀ. ದಾಟಿದರೆ ಸಣ್ಣ ನಡುಕವೂ ಬರುತ್ತಿತ್ತು.

ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಸ್ಟೀರಿಂಗ್ ನೇರವಾಯಿತು, ಆದರೆ ಎಳೆತವೂ ನಡುಕವೂ ಹಾಗೆಯೇ ಉಳಿದಿವೆ. ಎಲ್ಲ ಅಂಕಿಗಳೂ ಹಸಿರಿನಲ್ಲಿವೆ, ಇನ್ನು ಮಾಡುವುದೇನೂ ಇಲ್ಲ ಎಂದು ಹೇಳಿ ಕಳುಹಿಸಿದರು. ನಾನು ಕೇಳಿ ಪಡೆದ ಹಾಳೆಯಲ್ಲಿ ಸರಿಪಡಿಸುವ ಮೊದಲಿನ ಅಳತೆಗಳು ಹೀಗಿವೆ: ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು, ಮೇಲ್ತುದಿ ಹೊರಕ್ಕಿದ್ದರೆ ಧನ) ಎಡಕ್ಕೆ +0°15′, ಬಲಕ್ಕೆ −0°25′, ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಸ್ಟೀರಿಂಗ್ ಅಕ್ಷದ ಮೇಲ್ತುದಿ ಹಿಂದಕ್ಕೆ ವಾಲಿದ ಕೋನ) ಎಡಕ್ಕೆ 3°10′, ಬಲಕ್ಕೆ 4°00′, ಎಸ್‌ಎಐ (ಅದೇ ಅಕ್ಷ ಒಳಕ್ಕೆ ವಾಲಿದ ಕೋನ) ಎಡಕ್ಕೆ 12°45′, ಬಲಕ್ಕೆ 13°25′, ಒಟ್ಟು ಟೋ-ಇನ್ (ಎರಡು ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿದ ಕೋನ) 2°00′. ಈಗ ಟೋ ಮಾತ್ರ ಬಹುತೇಕ ಸೊನ್ನೆಗೆ ಬಂದಿದೆ, ಉಳಿದವು ಬದಲಾಗಿಲ್ಲ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ) ಇರುವ ಸಾಧಾರಣ ಕಾರು. ಸ್ಟೀರಿಂಗ್ ರ್‍ಯಾಕ್ ಆಕ್ಸಲ್‌ನ ಹಿಂದಿದೆ. ಇನ್ನೊಂದು ಕಡೆ ಮತ್ತೆ ಅಲೈನ್‌ಮೆಂಟ್ ಮಾಡಿಸಬೇಕೇ, ಅಥವಾ ಯಾವುದಾದರೂ ಭಾಗ ಬಾಗಿದೆಯೇ?

ಮೊದಲನೆಯ ಉತ್ತರ

ಮತ್ತೆ ಅಲೈನ್‌ಮೆಂಟ್ ಮಾಡಿಸಬೇಡಿ. ತಮ್ಮ ಬಳಿ ಇರುವ ಹಾಳೆಯೇ ಬಾಗಿದ ಭಾಗವನ್ನು ಬಹುಮಟ್ಟಿಗೆ ತೋರಿಸಿಕೊಡುತ್ತಿದೆ. ಅದನ್ನು ಓದದೆ ಟೈ ರಾಡ್ (ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ, ಟೋ ಹೊಂದಿಸುವ ದಂಡ) ತಿರುಗಿಸಿದ್ದೇ ತಪ್ಪಾಯಿತು.

ಸ್ಟೀರಿಂಗ್ ವಾಲುವುದು ಬೇರೆ, ಕಾರು ಎಳೆಯುವುದು ಬೇರೆ ಎಂಬುದನ್ನು ಮೊದಲು ಗಮನಿಸಬೇಕು. ಒಂದೇ ಚಕ್ರದ ಟೋ ಕೆಟ್ಟರೂ ಕಾರು ಓಡುವಾಗ ಮುಂದಿನ ಎರಡೂ ಚಕ್ರಗಳು ಆ ವ್ಯತ್ಯಾಸವನ್ನು ಸಮವಾಗಿ ಹಂಚಿಕೊಳ್ಳುತ್ತವೆ, ಆದ್ದರಿಂದ ಕಾರು ನೇರವಾಗಿಯೇ ಹೋಗುತ್ತದೆ, ಸ್ಟೀರಿಂಗ್ ಮಾತ್ರ ವಾಲುತ್ತದೆ. ತಮ್ಮ 2 ಡಿಗ್ರಿಯಲ್ಲಿ ಪ್ರತಿ ಚಕ್ರದ ಪಾಲು 1 ಡಿಗ್ರಿ. ಹಾಗೆಂದರೆ ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಪ್ರತಿ ಟೈರೂ ಸುಮಾರು 17 ಮೀಟರ್‌ನಷ್ಟು ಅಡ್ಡಕ್ಕೆ ಉಜ್ಜಿಕೊಂಡಿರುತ್ತದೆ. ಟೈರಿನ ಮೇಲ್ಮೈಯನ್ನು ಒಳಗಿನಿಂದ ಹೊರಕ್ಕೂ, ಹೊರಗಿನಿಂದ ಒಳಕ್ಕೂ ಅಂಗೈಯಿಂದ ಸವರಿ ನೋಡಿ, ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಇನ್ನೊಂದು ದಿಕ್ಕಿನಲ್ಲಿ ಚೂಪಾಗಿಯೂ ತಾಗುತ್ತಿರಬಹುದು. ಎಳೆತಕ್ಕೆ ಕಾರಣ ಕ್ಯಾಂಬರ್ ಮತ್ತು ಕ್ಯಾಸ್ಟರ್‌ಗಳ ಎಡಬಲ ವ್ಯತ್ಯಾಸ. ಕಾರು ಕ್ಯಾಂಬರ್ ಹೆಚ್ಚು ಧನವಾಗಿರುವ ಕಡೆಗೂ ಕ್ಯಾಸ್ಟರ್ ಕಡಿಮೆ ಇರುವ ಕಡೆಗೂ ಎಳೆಯುತ್ತದೆ. ತಮ್ಮಲ್ಲಿ ಎರಡೂ ಎಡಗಡೆಯೇ. ಒಂದೊಂದು ಅಂಕಿಯೂ ತನ್ನ ಮಿತಿಯೊಳಗೆ ಇದ್ದುದರಿಂದ ಯಂತ್ರ ಹಸಿರು ತೋರಿಸಿತು, ಆದರೆ ಎಡಬಲಗಳ ನಡುವೆ ಕ್ಯಾಂಬರ್‌ನಲ್ಲಿ 40 ಮಿನಿಟು (60 ಮಿನಿಟಿಗೆ ಒಂದು ಡಿಗ್ರಿ), ಕ್ಯಾಸ್ಟರ್‌ನಲ್ಲಿ 50 ಮಿನಿಟು ಅಂತರವಿದೆ. ಸಾಮಾನ್ಯವಾಗಿ 30 ಮಿನಿಟು ಮೀರಿದರೆ ಎಳೆತ ಕೈಗೆ ತಿಳಿಯತೊಡಗುತ್ತದೆ.

ಈಗ ಎಸ್‌ಎಐಗೆ ಬರೋಣ. ಸ್ಟ್ರಟ್‌ನ ಮೇಲ್ತುದಿಯಿಂದ ಕೆಳಗಿನ ಬಾಲ್ ಜಾಯಿಂಟ್‌ಗೆ (ಲೋವರ್ ಆರ್ಮ್‌ನ ಹೊರತುದಿಯ ಕೀಲು) ಎಳೆದ ಗೆರೆ, ಮುಂದಿನಿಂದ ನೋಡಿದಾಗ, ಲಂಬದಿಂದ ಎಷ್ಟು ವಾಲಿದೆ ಎಂಬುದೇ ಈ ಕೋನ. ಇದನ್ನು ಯಾರೂ ತಿರುಗಿಸಿ ಸರಿಪಡಿಸುವುದಿಲ್ಲವಾದ್ದರಿಂದ ಹಾಳೆಯಲ್ಲಿ ಇದ್ದರೂ ಯಾರೂ ನೋಡುವುದಿಲ್ಲ, ಆದರೆ ಪೆಟ್ಟು ತಿಂದ ಕಾರಿನಲ್ಲಿ ನಾನು ಮೊದಲು ನೋಡುವುದು ಇದನ್ನೇ. ಎಸ್‌ಎಐ ಮತ್ತು ಕ್ಯಾಂಬರ್ ಕೂಡಿಸಿ: ಎಡಕ್ಕೆ 12°45′ಕ್ಕೆ 0°15′ ಸೇರಿಸಿದರೆ 13°00′, ಬಲಕ್ಕೆ 13°25′ರಲ್ಲಿ 0°25′ ಕಳೆದರೆ ಅದೂ 13°00′. ಈ ಮೊತ್ತ ನಕಲ್ (ಚಕ್ರವನ್ನು ಹಿಡಿದಿರುವ ಲೋಹದ ಭಾಗ) ಮತ್ತು ಸ್ಟ್ರಟ್‌ಗಳ ಆಕಾರದಿಂದ ನಿರ್ಧಾರವಾಗುವಂಥದ್ದು. ಅವು ಬಾಗಿದ್ದರೆ ಎರಡು ಕಡೆಯ ಮೊತ್ತಗಳು ಬೇರೆಯಾಗುತ್ತಿದ್ದವು. ಮೊತ್ತ ಸಮನಾಗಿದ್ದು, ಎಡಗಡೆ ಎಸ್‌ಎಐ ಇಳಿದಷ್ಟೇ ಕ್ಯಾಂಬರ್ ಏರಿದೆ ಎಂದರೆ, ಬಾಲ್ ಜಾಯಿಂಟ್ ಇರುವ ಜಾಗವೇ ಒಳಕ್ಕೆ ಸರಿದಿದೆ. ಕ್ಯಾಸ್ಟರ್ ಇಳಿದಿರುವುದರಿಂದ ಅದು ಹಿಂದಕ್ಕೂ ಸರಿದಿದೆ. ನನ್ನ ಅನುಮಾನ ಎಡಗಡೆಯ ಲೋವರ್ ಆರ್ಮ್ (ಚಕ್ರದ ಕೆಳಭಾಗವನ್ನು ಕಾರಿಗೆ ಜೋಡಿಸುವ ತೋಳು) ಮೇಲೆ.

ಎರಡನೆಯ ಉತ್ತರ

ಲೆಕ್ಕ ಸರಿಯಾಗಿದೆ, ಆದರೆ ಆರ್ಮ್ ಬದಲಿಸುವ ಮೊದಲು ಎರಡು ಸಾಧ್ಯತೆಗಳನ್ನು ಹೊರಗಿಡಬೇಕು. ಸಬ್‌ಫ್ರೇಮ್ (ಎರಡೂ ಕಡೆಯ ಆರ್ಮ್‌ಗಳು ಕೂರುವ ಚೌಕಟ್ಟು) ಇಡಿಯಾಗಿ ಬಲಕ್ಕೆ ಸರಿದಿದ್ದರೂ ಎಡಗಡೆ ಇಂಥದೇ ಅಂಕಿ ಬರುತ್ತದೆ. ಆಗ ಬಲಗಡೆಯ ಕ್ಯಾಂಬರ್ ಅಷ್ಟೇ ಪ್ರಮಾಣದಲ್ಲಿ ಋಣದ ಕಡೆಗೆ ಹೋಗಿರುತ್ತದೆ. ಬಲಗಡೆಯದು ತಯಾರಕರು ಹೇಳಿದ ಅಳತೆಗೆ ಹತ್ತಿರವಿದ್ದರೆ ಸಬ್‌ಫ್ರೇಮ್ ಅಲುಗಿಲ್ಲ. ಆದರೂ ಅದರ ಬೋಲ್ಟುಗಳ ಸುತ್ತ ಕೊಳೆ ಜರುಗಿ ಹೊಳೆಯುವ ಲೋಹ ಕಾಣುತ್ತದೆಯೇ ಎಂದು ಟಾರ್ಚ್ ಹಿಡಿದು ನೋಡಿಸಿ. ಇನ್ನೊಂದು ಸ್ಟ್ರಟ್: ಅದು ಹಿಂದಕ್ಕೆ ಬಾಗಿದ್ದರೆ ಮೇಲೆ ಹೇಳಿದ ಮೊತ್ತದಲ್ಲಿ ಅದು ಕಾಣುವುದಿಲ್ಲ. ಮೇಲಿನ ನಟ್ ಸ್ವಲ್ಪ ಸಡಿಲಿಸಿ, ಸ್ಟ್ರಟ್‌ನ ರಾಡನ್ನು ನಿಧಾನವಾಗಿ ಸುತ್ತಿಸಿದಾಗ ಚಕ್ರದ ಮೇಲ್ಭಾಗ ಒಳಹೊರಗೆ ಆಡಿದರೆ ರಾಡ್ ಬಾಗಿದೆ ಎಂದೇ ಅರ್ಥ. ಸ್ಪ್ರಿಂಗ್ ಒತ್ತಡದಲ್ಲಿರುವ ಜಾಗವಾದ್ದರಿಂದ ನಟ್ ಪೂರ್ತಿ ಬಿಚ್ಚಬಾರದು. ಈ ಕೆಲಸವನ್ನು ಮೆಕ್ಯಾನಿಕ್‌ಗೇ ಬಿಡಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಸಮತಟ್ಟಾದ ನೆಲದ ಮೇಲೆ ಸ್ಟೀರಿಂಗ್ ನೇರವಿಟ್ಟು, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ ಎರಡೂ ಬದಿ ಟೇಪಿನಲ್ಲಿ ಅಳೆಯಿರಿ. ಕೆಲವು ಕಾರುಗಳಲ್ಲಿ ಮೂಲದಲ್ಲೇ ಸಣ್ಣ ವ್ಯತ್ಯಾಸ ಇರುತ್ತದೆ, ಆದರೆ ಎಡಗಡೆ 6–8 ಮಿ.ಮೀ. ಕಡಿಮೆ ಬಂದರೆ ಕ್ಯಾಸ್ಟರ್ ಇಳಿದದ್ದಕ್ಕೆ ಅದು ಹೊಂದುತ್ತದೆ.

ನಡುಕವನ್ನು ದಯವಿಟ್ಟು ಇದರ ಜೊತೆ ಬೆರೆಸಬೇಡಿ, ಅದಕ್ಕೂ ಕೋನಗಳಿಗೂ ಸಂಬಂಧವಿಲ್ಲ. ಚಕ್ರ ಎತ್ತಿ, ರಿಮ್ಮಿನ ಒಳಗಿನ ಅಂಚಿನ ಬಳಿ ಸ್ಕ್ರೂಡ್ರೈವರ್ ಅಲುಗದಂತೆ ಹಿಡಿದು ಚಕ್ರ ಸುತ್ತಿಸಿದರೆ ಅಂತರ ಹೆಚ್ಚುಕಡಿಮೆಯಾಗುವುದು ಕಣ್ಣಿಗೇ ಕಾಣುತ್ತದೆ. ಹೊರಗಿನಿಂದ ಸರಿ ಕಾಣುವ ರಿಮ್ ಒಳ ಅಂಚಿನಲ್ಲಿ ತಗ್ಗಾಗಿರುವುದು ಬಹಳ ಸಾಮಾನ್ಯ. ಟೈರಿನ ಒಳ ಪಕ್ಕವನ್ನೂ ಸವರಿ ನೋಡಿ: ಎಲ್ಲಿಯಾದರೂ ಉಬ್ಬು ಇದ್ದರೆ ಒಳಗಿನ ದಾರಗಳು ಕಡಿದಿವೆ, ಆ ಟೈರಿನಲ್ಲಿ ವೇಗವಾಗಿ ಹೋಗುವುದು ಅಪಾಯ, ಅದಕ್ಕೆ ರಿಪೇರಿ ಇಲ್ಲ. ಎಡಗಡೆಯ ಬೇರಿಂಗ್ ಪೆಟ್ಟು ತಿಂದಿದ್ದರೆ ಗುಂಯ್‌ಗುಡುವ ಸದ್ದು ತಡವಾಗಿ ಶುರುವಾಗಬಹುದು, ಬಲಕ್ಕೆ ತಿರುಗುವಾಗ ಹೆಚ್ಚಾಗುತ್ತದೆ. ಕೆಲವು ವಾರ ಕಿವಿಗೊಟ್ಟು ಗಮನಿಸಿ.

ಪ್ರಶ್ನೆ ಕೇಳಿದವರಿಂದ

ಟೇಪಿನ ಅಳತೆಯಲ್ಲಿ ಎಡಗಡೆ 7 ಮಿ.ಮೀ. ಕಡಿಮೆ ಬಂತು. ಸಬ್‌ಫ್ರೇಮ್ ಬೋಲ್ಟುಗಳ ಸುತ್ತ ಗುರುತೇನೂ ಇರಲಿಲ್ಲ, ಸ್ಟ್ರಟ್ ನೇರವಾಗಿತ್ತು. ಲೋವರ್ ಆರ್ಮ್ ಬಿಚ್ಚಿ ಹೊಸದರ ಮೇಲಿಟ್ಟಾಗ, ಅಷ್ಟು ದಪ್ಪದ ಲೋಹ ಬಾಗಿದ್ದು ಬರಿಗಣ್ಣಿಗೇ ಕಂಡಿತು. ಹೊಸದನ್ನು ಹಾಕಿದ ಮೇಲೆ ಎಡಗಡೆ ಕ್ಯಾಂಬರ್ −0°20′, ಎಸ್‌ಎಐ 13°20′, ಕ್ಯಾಸ್ಟರ್ 3°55′ ಬಂತು. ಆದರೆ ಈಗ ಸ್ಟೀರಿಂಗ್ ಬಲಕ್ಕೆ ವಾಲಿತ್ತು, ಒಟ್ಟು ಟೋ-ಔಟ್ ಸುಮಾರು 2 ಡಿಗ್ರಿ! ಹಿಂದಿನ ಬಾರಿ ಬಾಗಿದ ಆರ್ಮ್‌ಗೆ ಹೊಂದುವಂತೆ ಎಡ ಟೈ ರಾಡನ್ನು ಗಿಡ್ಡ ಮಾಡಿದ್ದರಿಂದ ಹೀಗಾಗಿದೆ ಎಂದು ಆಗ ಅರ್ಥವಾಯಿತು. ಎರಡೂ ಟೈ ರಾಡ್‌ಗಳಲ್ಲಿ ಕಾಣುವ ಥ್ರೆಡ್‌ಗಳು ಸಮನಾಗುವಂತೆ ಮಾಡಿದಾಗ ಟೋ ಹೆಚ್ಚುಕಡಿಮೆ ತಾನಾಗಿ ಸರಿಹೋಯಿತು. ಎಳೆತ ಪೂರ್ತಿ ನಿಂತಿದೆ. ನಡುಕ ರಿಮ್ಮಿನದೇ, ಒಳ ಅಂಚು ತಗ್ಗಾಗಿತ್ತು, ಬದಲಿಸಿದೆ. ಒಂದೇ ಸಂದೇಹ: ಆರ್ಮ್‌ನ ಬೋಲ್ಟುಗಳನ್ನು ಚಕ್ರ ನೇತಾಡುತ್ತಿರುವಾಗಲೇ ಬಿಗಿ ಮಾಡಿದರು. ಅದರಿಂದ ತೊಂದರೆ ಇದೆಯೇ?

ಮೊದಲನೆಯ ಉತ್ತರ ಬರೆದವರಿಂದ

ಇದೆ. ಆರ್ಮ್‌ನ ಕೀಲಿನಲ್ಲಿರುವ ಬುಷ್‌ನ ರಬ್ಬರು ಲೋಹಕ್ಕೆ ಅಂಟಿಕೊಂಡಿರುವುದರಿಂದ, ನೇತಾಡುವ ಸ್ಥಿತಿಯಲ್ಲಿ ಬಿಗಿ ಮಾಡಿದರೆ ಕಾರು ನೆಲಕ್ಕಿಳಿದ ಮೇಲೆ ಅದು ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರಗಳ ಮೇಲೆ ಇರುವಾಗ ಆ ಬೋಲ್ಟುಗಳನ್ನು ಸಡಿಲಿಸಿ, ಕಾರನ್ನು ಒಂದೆರಡು ಬಾರಿ ಮೇಲೆಕೆಳಗೆ ಕುಲುಕಿಸಿ, ತಯಾರಕರು ಹೇಳಿದ ಟಾರ್ಕ್‌ಗೆ ಬಿಗಿ ಮಾಡಿಸಿ, ಬಳಿಕ ಟೋ ಒಮ್ಮೆ ನೋಡಿಸಿ. ಕಾರಿನಲ್ಲಿ ಸ್ಟೀರಿಂಗ್ ಕೋನದ ಸೆನ್ಸರ್ ಇದ್ದರೆ ಅದರ ಸೊನ್ನೆಯನ್ನೂ ಅಂದೇ ಹೊಸದಾಗಿ ಹೊಂದಿಸಲು ಹೇಳಿ.