‘ಸಸ್ಪೆನ್ಷನ್ ಲಿಫ್ಟ್’: ಎತ್ತುವುದಾ, ಏರಿಸುವುದಾ, ಎತ್ತರಿಸುವುದಾ?

ಎಲ್ಲರಿಗೂ ನಮಸ್ಕಾರ. ಕಾಡುದಾರಿಯಲ್ಲಿ ಓಡಿಸುವ ಟ್ರಕ್‌ಗೆ ಯಾವ ಲಿಫ್ಟ್ ಕಿಟ್ (ಗಾಡಿಯನ್ನು ಎತ್ತರ ಮಾಡಲು ಹಾಕಿಸುವ ಬಿಡಿಭಾಗಗಳ ಸೆಟ್) ಹಾಕಿಸಬೇಕು ಅಂತ ಕನ್ನಡದಲ್ಲಿ ಬರೀತಿದ್ದೇನೆ. ಮೊದಲ ಸಾಲಲ್ಲೇ ಸಿಕ್ಕಿಹಾಕಿಕೊಂಡೆ. ಬರೀ ‘ಲಿಫ್ಟ್’ ಅಂದರೆ ನಮಗೆ ಮಹಡಿ ಹತ್ತಿಸುವ ಲಿಫ್ಟ್, ಇಲ್ಲವೇ ದಾರಿಯಲ್ಲಿ ಕೈ ಅಡ್ಡ ಹಾಕಿ ಕೇಳುವ ಲಿಫ್ಟ್. ‘ಸಸ್ಪೆನ್ಷನ್’ ಅಂದರೆ ಕೆಲಸದಿಂದ ಅಮಾನತು; ಗಾಡಿಯಲ್ಲಾದರೆ ಅದು ಕುಲುಕಾಟ ತಡೆಯುವ ಸ್ಪ್ರಿಂಗ್ ಜೋಡಣೆ.

‘ಎತ್ತು’ ಅಂದರೆ ಜಾಕಿ ಹಾಕಿ ಎತ್ತಿದ ಹಾಗೆ, ಕೆಲಸ ಮುಗಿದ ಮೇಲೆ ಇಳಿಸಿಬಿಡುತ್ತೇವೆ. ‘ಟ್ರಕ್ ಏರಿಸು’ ಅಂದರೆ ದಿಬ್ಬ ಹತ್ತಿಸು ಅಂತ ಆಗುತ್ತೆ. ಗೋಡೆ ಎತ್ತರಿಸುತ್ತೇವೆ, ಅಣೆಕಟ್ಟು ಎತ್ತರಿಸುತ್ತೇವೆ, ಅದು ಹಾಗೇ ಉಳಿಯುತ್ತದೆ. ಹಾಗಾಗಿ ನನ್ನ ಒಲವು ‘ಎತ್ತರಿಸು’ ಕಡೆಗೆ.

ಆದರೆ ನಿಜವಾದ ತೊಡಕು ಬೇರೆ. ಎತ್ತರಿಸುವುದು ಯಾವುದನ್ನು? ಬಾಡಿಗೂ ಚಾಸಿಗೂ (ಬಾಡಿಯನ್ನು ಹೊತ್ತ ಅಡಿಚೌಕಟ್ಟು) ನಡುವೆ ಬಿಲ್ಲೆ ಇಟ್ಟರೆ ಬಾಡಿ ಮಾತ್ರ ಮೇಲೆ ಹೋಗುತ್ತದೆ, ದೊಡ್ಡ ಟೈರಿಗೆ ಜಾಗ ಸಿಗುತ್ತದೆ, ಚಾಸಿ ಇದ್ದಲ್ಲೇ ಇರುತ್ತದೆ. ಇದು ಬಾಡಿ ಲಿಫ್ಟ್. ಉದ್ದನೆಯ ಸ್ಪ್ರಿಂಗ್ ಹಾಕಿದರೆ, ಅಥವಾ ಕಮಾನು ಪಟ್ಟಿಗೆ ಇನ್ನೊಂದು ಪಟ್ಟಿ ಸೇರಿಸಿದರೆ, ಚಾಸಿಯೇ ಆಕ್ಸಲ್‌ನಿಂದ (ಚಕ್ರಗಳ ಅಚ್ಚಿನಿಂದ) ಮೇಲೆ ಬರುತ್ತದೆ. ಇದೇ ಸಸ್ಪೆನ್ಷನ್ ಲಿಫ್ಟ್. ಎಡಬಲದ ಚಕ್ರಗಳಿಗೆ ಒಂದೇ ಇಡೀ ಆಕ್ಸಲ್ ಇರುವ ಗಾಡಿಯ ಕೆಳಗೆ ಬಗ್ಗಿ ನೋಡಿ: ನಡುವೆ ಗುಂಡಗೆ ಉಬ್ಬಿರುವ ಡಿಫರೆನ್ಷಿಯಲ್ (ಚಕ್ರಗಳಿಗೆ ತಿರುಗುಬಲ ಹಂಚುವ ಗೇರ್ ಪೆಟ್ಟಿಗೆ) ಆಗಲೂ ಒಂದಿಷ್ಟೂ ಮೇಲೆ ಬಂದಿರುವುದಿಲ್ಲ, ಬಂಡೆಗೆ ಮೊದಲು ತಾಗುವುದು ಅದೇ ಅಲ್ವಾ! ಅದು ಮೇಲೇಳಬೇಕಾದರೆ ಟೈರೇ ದೊಡ್ಡದಾಗಬೇಕು, ಅದರಲ್ಲೂ ಟೈರಿನ ವ್ಯಾಸ 4 ಇಂಚು ಹೆಚ್ಚಿದರೆ ಸಿಗುವುದು 2 ಇಂಚು ಅಷ್ಟೇ. ಈ ಮೂರಕ್ಕೂ ಸುಮ್ನೆ ‘ಎತ್ತರ ಮಾಡಿಸು’ ಅಂತ ಬರೆದರೆ ಓದಿದವರು ತಪ್ಪು ಕಿಟ್ ತರುತ್ತಾರೆ. ಜಾಸ್ತಿ ಎತ್ತರಿಸಿದರೆ ಆಕ್ಸಲ್‌ಗೆ ಬಲ ಒಯ್ಯುವ ಡ್ರೈವ್ ಶಾಫ್ಟ್‌ನ ಓರೆ ಹೆಚ್ಚುತ್ತದೆ, ಬ್ರೇಕ್ ಹೋಸ್ ಬಿಗಿಯುತ್ತದೆ, ಗಾಡಿ ಮಗುಚುವ ಭಯವೂ ಹೆಚ್ಚು. ಅದಕ್ಕೇ ಪದ ಖಚಿತವಾಗಿರಬೇಕು ಅನ್ನೋದು ನನ್ನ ಹಟ.

ಸದ್ಯಕ್ಕೆ ‘ಬಾಡಿ ಎತ್ತರಿಕೆ’, ‘ಚಾಸಿ ಎತ್ತರಿಕೆ’ ಅಂತ ಇಟ್ಟುಕೊಂಡಿದ್ದೇನೆ. ಎತ್ತರಿಸಿದ್ದು ಯಾವುದು ಅಂತ ಹೆಸರೇ ಹೇಳಿಬಿಡುತ್ತದೆ. ಗಾಡಿಯ ಅಡಿಗೂ ನೆಲಕ್ಕೂ ನಡುವಿನ ಜಾಗಕ್ಕೆ, ಅಂದರೆ ಗ್ರೌಂಡ್ ಕ್ಲಿಯರೆನ್ಸ್‌ಗೆ, ‘ಅಡಿತೆರಪು’.

‘ಎತ್ತರಿಕೆ’ ನಿಮ್ಮ ಕಿವಿಗೆ ಒಗ್ಗುತ್ತದಾ, ಇಲ್ಲಾ ‘ಎತ್ತರಿಸುವಿಕೆ’ಯೇ ಬೇಕಾ? ಗ್ಯಾರೇಜಲ್ಲಿ ಕೆಲಸ ಮಾಡುವವರು ಇದಕ್ಕೆ ಬೇರೆ ಮಾತು ಬಳಸುತ್ತಿದ್ದರೆ ಅದನ್ನೇ ತಿಳಿಸಿ, ನನ್ನದನ್ನು ಕೈಬಿಡುತ್ತೇನೆ.