ಸೈಡಿಂಗ್ ಹಳಿ ಕೆಳಗಿಂದ ರಾಡಿ ಉಕ್ಕತದ, ಮೂರು ಸಲ ಪ್ಯಾಕಿಂಗ್ ಮಾಡಿದ್ರೂ ನಿಲ್ಲವಲ್ದು

ವಾಡಿ ಸೈಡಿಂಗ್:
ನಮಸ್ಕಾರ್ರೀ. ವಾಡಿ ಹತ್ರ ಒಂದು ಖಾಸಗಿ ಸೈಡಿಂಗ್‌ದಾಗ (ಮೇನ್ ಲೈನ್‌ನಿಂದ ಕವಲೊಡೆದ ರೈಲು ಹಳಿ) ಹಳಿ ನೋಡ್ಕೊಳ್ಳೋ ಕೆಲಸ ನಂದು. ಒಂದು ಜಾಯಿಂಟ್ (ಎರಡು ಹಳಿ ತುಂಡು ಕೂಡೋ ಜಾಗ) ಬಲ್ಲಿ ಐದಾರು ಸ್ಲೀಪರ್ (ಹಳಿ ಕೆಳಗಿನ ಅಡ್ಡ ತೊಲಿ), ತುಂಬಿದ ವ್ಯಾಗನ್ ಬಂದ್ರ ಕುಸೀತಾವ, ಹೋದಮ್ಯಾಲ ಏಳತಾವ. ಏಳುವಾಗ ಖಡಿ (ಹಳಿ ಕೆಳಗಿನ ಜಲ್ಲಿಕಲ್ಲು) ಸಂದಿಯಿಂದ ರಾಡಿ ಚಿಮ್ಮತದ. ಜೂನ್‌ನಿಂದ ಮೂರು ಸಲ ಹೊಸ ಖಡಿ ಹಾಕಿ ಪ್ಯಾಕಿಂಗ್ (ಸ್ಲೀಪರ್ ಕೆಳಗ ಖಡಿ ಬಡಿದು ತುಂಬೋದು) ಮಾಡೀವಿ. ಎರಡು ಮಳಿ ಬಿದ್ರ ಮತ್ತ ಮೊದಲಿನಂಗ. ಇನ್ನೂ ಖಡಿ ಹಾಕಬೇಕೇನ್ರಿ?

ನಿವೃತ್ತ ಹಳಿ ಮೇಸ್ತ್ರಿ:
ಖಡಿ ಹಾಕೋದು ನಿಲ್ಲಸು ತಮ್ಮಾ. ಮೊದಲು ರಾಡಿ ಬಣ್ಣ ನೋಡು. ಬೂದಿಬಣ್ಣ ಇದ್ರ ಖಡಿ ಸವೆದ ಪುಡಿ, ಇಲ್ಲಾ ಮ್ಯಾಲಿಂದ ಬಿದ್ದ ಧೂಳು. ಕರ್ರಗ ಇದ್ರ ಕೆಳಗಿನ ಎರಿ ಮಣ್ಣೇ ಏರಿ ಬಂದದ. ಲೈನ್ ಬ್ಲಾಕ್ ತಗೊಂಡು (ಗಾಡಿ ಬರದಂಗ ಹಳಿ ಬಂದ್ ಮಾಡಿಸಿ) ಎರಡು ಸ್ಲೀಪರ್ ನಡುವ ಒಂದು ಗುಂಡಿ ತೋಡಿ ಹೇಳು.

ವಾಡಿ ಸೈಡಿಂಗ್:
ತೋಡಿದೆ ಕಾಕಾ. ಮ್ಯಾಲ ನಾಕು ಬೆರಳು ಬೂದಿಬಣ್ಣ, ಕೆಳಗೆಲ್ಲಾ ಕಪ್ಪು. ಖಡಿ ಮಣ್ಣಿನಾಗ ಬಟ್ಟಲದಂಗ ಇಳದದ, ಅದರಾಗ ನೀರು ನಿಂತದ.

ನಿವೃತ್ತ ಹಳಿ ಮೇಸ್ತ್ರಿ:
ಆ ಬಟ್ಟಲೇ ನಿನ್ನ ರೋಗ. ಎರಿ ಮಣ್ಣು ನೀರು ಕುಡಿದು ಉಬ್ಬತದ, ಮೆತ್ತಗಾಗ್ತದ. ಬ್ಯಾಸಗ್ಯಾಗ ಬಿರಿತದ, ಮುಂದಿನ ಮಳಿ ಆ ಬಿರುಕಿನಾಗಿಂದ ಸೀದಾ ಒಳಗ ಇಳಿತದ. ಇದೆಲ್ಲಾ ಅದರಾಗಿನ ಮಾಂಟ್‌ಮೊರಿಲೊನೈಟ್ ಜೇಡಿ ಗುಣ. ಜಾಯಿಂಟ್ ಮ್ಯಾಲ ಗಾಲಿ ಬಡಿತ ಜೋರು. ಒಂದೊಂದು ಬಡಿತಕ್ಕ ಖಡಿ ಮಣ್ಣಿನಾಗ ಒತ್ತತದ, ಕೆಸರು ಸಂದಿಯಿಂದ ಮ್ಯಾಲ ಹಾರತದ. ನೀ ಹಾಕಿದ ಹೊಸ ಖಡಿ ಬಟ್ಟಲ ಇನ್ನಷ್ಟು ಆಳ ಮಾಡ್ಯದ, ಅಷ್ಟೇ.

ಮಳಿ ನಿಂತು ನೆಲ ಒಣಗಿದಮ್ಯಾಲ ಕೆಲಸ ಹಿಡಿ. ಮೊದಲು ನೀರಿಗೆ ದಾರಿ: ಬಟ್ಟಲ ತಳಕ್ಕಿಂತ ಕೆಳಗ ಅಡ್ಡ ಗಟಾರ ತೋಡಿ, ಸ್ವಚ್ಛ ಕಲ್ಲು ತುಂಬು. ತಳಕ್ಕಿಂತ ಮ್ಯಾಲ ತೋಡಿದ್ರ ಬರೇ ದಂಡ. ಆಮ್ಯಾಲ ಕೆಟ್ಟ ಖಡಿ ಪೂರಾ ತಗದು 20 ಮಿ.ಮೀ. ಜಾಳಿಗ್ಯಾಗ ಸೋಸು, ಜಾಳಿಗಿ ಮ್ಯಾಲ ಉಳಿದದ್ದಷ್ಟೇ ವಾಪಸ್. ಖಡಿ ಮತ್ತು ಎರಿ ನಡುವ ಉಸುಕು, ಸಣ್ಣ ಜಲ್ಲಿ ಬೆರೆಸಿದ ಪದರ ಹಾಸಬೇಕು, ಇದಕ್ಕ ಬ್ಲ್ಯಾಂಕೆಟ್ ಅಂತೀವಿ. ನೀರು ಬಿಡ್ತದ, ಜೇಡಿ ತಡಿತದ. ಜಾಯಿಂಟ್ ಬೋಲ್ಟ್ ಬಿಗಿ ಮಾಡೋದು ಮರೀಬ್ಯಾಡ.

ವಾಡಿ ಸೈಡಿಂಗ್:
ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡಿಯೋ ಪ್ಲಾಸ್ಟಿಕ್ ನೂಲಿನ ಬಟ್ಟೆ) ಒಂದೇ ಹಾಸಿದ್ರ ನಡಿಯಂಗಿಲ್ಲೇನು?

ನಿವೃತ್ತ ಹಳಿ ಮೇಸ್ತ್ರಿ:
ಬರೇ ಬಟ್ಟೆ ಬ್ಯಾಡ. ಚೂಪು ಖಡಿ ಹರಿತದ, ಎರಿ ಅದರ ರಂಧ್ರ ಮುಚ್ಚತದ. ಹಾಸಲೇಬೇಕಂದ್ರ ಕೆಳಗೂ ಮ್ಯಾಲೂ ಉಸುಕು ಇರಲಿ.

ವಾಡಿ ಸೈಡಿಂಗ್:
ಡಿಸೆಂಬರ್‌ದಾಗ ಮಾಡಿದ್ವಿ ಕಾಕಾ. ಗಟಾರ ತೋಡಿದ ದಿನವೇ ಬಟ್ಟಲದಾಗಿನ ನೀರು ಹೊರಗ ಹರೀತು. ಬಾಜೂ ತೊಗರಿ ಹೊಲಕ್ಕ ಹೋಗೋದಿತ್ತು, ಹೊಲದವರು ಬೆಳಿ ಕೊಳೀತದ ಅಂದ್ರು. ಹಳಿಗುಂಟ ಇನ್ನೊಂದು ಗಟಾರ ತೋಡಿ ಹಳ್ಳಕ್ಕ ಸೇರಸೀವಿ. ಜೂನ್ ಮಳಿ ಆದಮ್ಯಾಲ ಫೋಟೋ ಹಾಕ್ತೀನಿ.